ಬಾಣಂತಿಗಿಂತ ಮೊದಲು ಕೋಣೆ ಸೇರುವ ಪ್ರೇಮಕ್ಕ

ಬುಧವಾರ, ಬೆಳಗಿನ ಆರೂವರೆ. ಶೃಂಗೇರಿಯಿಂದ ಕಿಗ್ಗಕ್ಕೆ ಹೋಗುವ ರಸ್ತೆಯ ಬದಿಯ ಹಳೆಯ ಹಂಚಿನ ಮನೆಯೊಂದರ ಮಾಡಿನ ಮೇಲೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಟವೆಲು, ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಮಾಡಿನ ನೆತ್ತಿಯ ತೊಲೆಗೆ. ಎದುರಿಗೆ ಚಿಮಣಿಯ ಬಾಯಿ. ಅದರೊಳಗೆ ಸುಟ್ಟ ಮಣ್ಣಿನ ಎಂಟನೇ ಪೈಪನ್ನು ಇಳಿಸಿ, ಸಂದಿಗೆ ಕಲಸಿದ ಮಣ್ಣು ತುಂಬಿ, ಹೆಬ್ಬೆರಳಿನಿಂದ ಸುತ್ತಲೂ ಒತ್ತುತ್ತಾರೆ. ಒಂದು ಸುತ್ತು ಮುಗಿದ ಮೇಲೆ ಮತ್ತೊಂದು ಸುತ್ತು.

"ಪ್ರೇಮಾ, ಕಾಫಿ" ಎಂದು ಕೆಳಗಿನಿಂದ ಮನೆಯ ಯಜಮಾನಿ ಕಾಮಾಕ್ಷಮ್ಮ ಕೂಗುತ್ತಾರೆ.

"ಮುಚ್ಚಿಡಿ ಅಮ್ಮ, ಬಂದೆ" ಎಂಬ ಉತ್ತರ ಬರುತ್ತದೆ. ಅವರು ಇಳಿಯುವುದು ಮಾತ್ರ ಮುಕ್ಕಾಲು ಗಂಟೆಯ ಮೇಲೆ.

ಕೊಪ್ಪದ ಬಾಳಗಡಿಯ ಪ್ರೇಮಕ್ಕನಿಗೆ ಈಗ ಐವತ್ನಾಲ್ಕು. ಹಳೆಯ ಮನೆಗಳ ಹೊಗೆಗೂಡು ಬಿಚ್ಚಿ ಕಟ್ಟುವುದು, ಒಳಗಿನ ಒಡೆದ ಪೈಪು ತೆಗೆದು ಹೊಸದು ಕೂರಿಸುವುದು ಅವರ ಕಸುಬು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನಿಂದ ಕರೆ ಬರುತ್ತದೆ. ದೀಪಾವಳಿ ಕಳೆದ ಮೇಲೆ ಶುರುವಾದರೆ ಮೊದಲ ಮಳೆಯವರೆಗೆ ಮೂವತ್ತೈದು ಮನೆಗೆ ಕಡಿಮೆಯಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಅನ್ನ ಸಾರು ಮಾಡಿಟ್ಟು, ಮೊದಲ ಬಸ್ಸು ಹಿಡಿಯುತ್ತಾರೆ. ಗಂಡ ಪ್ರಕಾಶ ಆಟೋ ಓಡಿಸುತ್ತಾರೆ. ಪೈಪು ಸಾಗಿಸುವ ದಿನ ಮಾತ್ರ ಇಬ್ಬರದೂ ಒಂದೇ ದಾರಿ.

ಕೆಲಸ ಕಲಿಸಿದ್ದು ಮಾವ ಪುಟ್ಟಯ್ಯ. ಊರೂರಿಗೆ ಹೊಗೆ ಕಡಿಮೆ ಮಾಡುವ ಒಲೆಗಳು ಬಂದ ಕಾಲದಲ್ಲಿ ಅವರು ಒಲೆ ಹಾಕುವ ಗಾರೆಯವರು. ಮದುವೆಯಾಗಿ ಬಂದ ಪ್ರೇಮಕ್ಕ ಮಣ್ಣು ತುಳಿದು ಕೊಡುತ್ತಿದ್ದರು. ಮಾವನ ಮಂಡಿ ಕೈಕೊಟ್ಟಾಗ ಮಾಡು ಹತ್ತುವವರು ಬೇಕಾಯಿತು. ಮಗನಿಗೆ ಎತ್ತರಕ್ಕೆ ತಲೆ ಸುತ್ತು, ಸೊಸೆಗೆ ಇಲ್ಲ. "ಹೆಂಗಸು ಮಾಡು ಹತ್ತಿದ್ರೆ ಮನೆಗೆ ಒಳ್ಳೇದಲ್ಲ ಅಂತ ಒಬ್ರು ಅಂದ್ರು. ನಮ್ಮ ಮಾವ, ಹಂಗಾದ್ರೆ ನೀವೇ ಹತ್ತಿ ಮಾರಾಯ್ರೆ, ಏಣಿ ನಾನು ಹಿಡೀತೀನಿ ಅಂದ್ರು" ಎಂದು ಪ್ರೇಮಕ್ಕ ನಗುತ್ತಾರೆ. ಎರಡು ಸಲ ಹಂಚು ಜಾರಿ ಬಿದ್ದಿದ್ದಾರೆ. ಎಡ ಮೊಣಕೈ ಪೂರ್ತಿ ಮಡಚುವುದಿಲ್ಲ. ಮಸಿ ಕೂತ ಉಗುರಿನ ಸಂದಿ ಮದುವೆ ಮನೆಗೆ ಹೋಗುವಾಗಲೂ ಬಿಳಿಯಾಗುವುದಿಲ್ಲ.

ಈ ಮನೆಯ ಕೆಲಸಕ್ಕೆ ಒಂದು ಗಡುವಿದೆ. ಕಾಮಾಕ್ಷಮ್ಮ ಮತ್ತು ದತ್ತಮೂರ್ತಿ ಭಟ್ಟರ ಮಗಳು ನವ್ಯಾ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹೆತ್ತಿದ್ದಾಳೆ. ಆಪರೇಷನ್ ಆಗಿದೆ. ಗುರುವಾರ ತಾಯಿ ಮಗು ಇಲ್ಲಿಗೆ ಬರಬೇಕು. ಬಾಣಂತಿ ಕೋಣೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ, ಆ ಗೋಡೆಯ ಒಳಗೆ ಹಂಡೆ ಒಲೆಯ ಚಿಮಣಿ. ಹಿಂದಿನವರು ಬೇಕೆಂದೇ ಹೀಗೆ ಕಟ್ಟಿದ್ದು. ಒಲೆ ಉರಿದಷ್ಟು ಹೊತ್ತೂ ಕೋಣೆ ಬೆಚ್ಚಗಿರುತ್ತದೆ. ಬಾಣಂತನವೆಂದರೆ ಹಂಡೆಯ ಒಲೆ ಬೆಳಗಿನಿಂದ ಸಂಜೆವರೆಗೆ ಆರುವುದಿಲ್ಲ.

ಆದರೆ ಚಿಮಣಿಯೊಳಗೆ ನಲವತ್ತು ವರ್ಷದ ಹಿಂದೆ ಇಳಿಸಿದ ಸಿಮೆಂಟ್ ಪೈಪು ಒಡೆದಿತ್ತು. ಪ್ರೇಮಕ್ಕ ಅದನ್ನು ಕಂಡುಹಿಡಿದದ್ದು ಸೋಮವಾರ. ಮೊಬೈಲಿನ ಟಾರ್ಚು ಹೊತ್ತಿಸಿ, ವಿಡಿಯೊ ಒತ್ತಿ, ಈರುಳ್ಳಿ ಬರುವ ಬಲೆಚೀಲದಲ್ಲಿ ಹಾಕಿ, ದಾರ ಕಟ್ಟಿ ಚಿಮಣಿಗೆ ಇಳಿಬಿಟ್ಟರು. ಆಮೇಲೆ ಜಗಲಿಯಲ್ಲಿ ಎಲ್ಲರೂ ಕೂತು ನೋಡಿದರು.

"ಡಾಕ್ಟ್ರು ನನ್ನ ಹೊಟ್ಟೆಗೆ ಇಳಿಸಿದ್ದೂ ಇಂಥದ್ದೇ" ಎಂದರು ಭಟ್ಟರು. "ಅದಕ್ಕೆ ಹಿಂದಿನ ದಿನದಿಂದ ಉಪವಾಸ ಕೂರಿಸಿದ್ರು."

"ನಿಮ್ಮ ಒಲೆನೂ ನಿನ್ನೆಯಿಂದ ಉಪವಾಸವೇ ಅಲ್ವಾ ಭಟ್ರೇ" ಎಂದರು ಪ್ರೇಮಕ್ಕ. ಬಿರುಕು ಕಂಡದ್ದು ಬಾಣಂತಿ ಕೋಣೆಯ ಎತ್ತರದಲ್ಲೇ, ಒಂದು ಗೇಣು ಉದ್ದ.

ಮಂಗಳವಾರ ಹಳೆಯ ಪೈಪುಗಳನ್ನು ನೀರು ಹಾಕಿ ನೆನೆಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ತುಂಡು ತುಂಡಾಗಿ ತೆಗೆದರು. ಅದರ ದೂಳು ಎದೆಗೆ ಒಳ್ಳೆಯದಲ್ಲ ಎಂದು ಯಾರೋ ಎಂಜಿನಿಯರು ಹೇಳಿದ್ದಾರೆ. ಸಂಜೆಯೊಳಗೆ ಕೆಳಗಿನ ಏಳು ಹೊಸ ಪೈಪು ಕೂರಿಸಿದರು. ಪೈಪುಗಳ ಸಂದಿಗೆ ಪ್ರೇಮಕ್ಕ ಸಿಮೆಂಟು ಮುಟ್ಟಿಸುವುದಿಲ್ಲ. ಹುತ್ತದ ಮಣ್ಣು, ಭತ್ತದ ಹೊಟ್ಟಿನ ಬೂದಿ, ಸಗಣಿ, ಸ್ವಲ್ಪ ಬೆಲ್ಲದ ನೀರು. ಮಾವನ ಕಾಲದ ಪಾಕ ಇದು. "ಸಿಮೆಂಟು ಬಿಸಿಗೆ ಬಿರಿಯುತ್ತೆ. ಹುತ್ತದ ಮಣ್ಣು ಬಿಸಿ ತಾಗಿದಷ್ಟೂ ಗಟ್ಟಿ. ಇದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಒಂದ್ಸಲ ತಪ್ಪು ಮಾಡ್ದೆ" ಎನ್ನುತ್ತಾರೆ.

ಆ ತಪ್ಪು ನಡೆದದ್ದು ಹನ್ನೊಂದು ವರ್ಷದ ಹಿಂದೆ, ನರಸಿಂಹರಾಜಪುರ ತಾಲ್ಲೂಕಿನ ಸೀತೂರಿನಲ್ಲಿ, ಯಮುನಮ್ಮ ಎಂಬವರ ಮನೆಯಲ್ಲಿ. ಸೊಸೆ ನಯನ ಬಾಣಂತಿ. ಮರುದಿನ ನಾಮಕರಣ, ಹೊತ್ತಿಲ್ಲ, ಮಣ್ಣು ಒಣಗುವವರೆಗೆ ಕಾಯುವಂತಿಲ್ಲ. ಗೋಡೆಯ ಒಳಗಿನ ಒಂದು ಸಂದಿಗೆ ಪ್ರೇಮಕ್ಕ ಸಿಮೆಂಟು ತುಂಬಿದರು. ಬಚ್ಚಲಲ್ಲಿ ನಿಂತು ಒಲೆ ಹಚ್ಚಿ ನೋಡಿದರು. ಹೊಗೆಯೆಲ್ಲ ಸಲೀಸಾಗಿ ಮೇಲೆ ಹೋಯಿತು. ಬಾಣಂತಿ ಕೋಣೆಗೆ ಹೊರಗಿನವರು ಹೋಗುವ ಪದ್ಧತಿ ಇಲ್ಲವೆಂದು ಆ ಕಡೆ ಕಾಲಿಡದೆ ಮನೆಗೆ ಬಂದರು.

ನಾಮಕರಣ ಮುಗಿದ ಮರುದಿನ ಮಧ್ಯಾಹ್ನ ನಯನಳಿಗೆ ತಲೆನೋವು, ವಾಂತಿ. ಮಗು ಎದೆ ಹಿಡಿಯುತ್ತಿಲ್ಲ, ಎತ್ತಿದರೆ ಕೈಯಲ್ಲಿ ಜೋಲುತ್ತದೆ. ಅಷ್ಟು ಜನ ಬಂದು ನೋಡಿ ಹೋಗಿದ್ದಾರೆ, ದೃಷ್ಟಿಯೇ ತಾಗಿದ್ದೆಂದು ಯಮುನಮ್ಮ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಚ್ಚಲ ಒಲೆಗೆ ಹಾಕಿ ಬಂದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲವೆಂಬ ನಂಬಿಕೆ. ಬಚ್ಚಲಲ್ಲಿ ಘಾಟು ಬರಲಿಲ್ಲ. ಚಿಮಣಿ ಚೆನ್ನಾಗಿಯೇ ಎಳೆಯುತ್ತಿತ್ತು. ಆದರೆ ಬಾಗಿಲು ಕಿಟಕಿ ಮುಚ್ಚಿ, ಬಾಗಿಲ ಅಡಿಯ ಸಂದಿಗೂ ಬಟ್ಟೆ ತುರುಕಿದ್ದ ಕೋಣೆಯಲ್ಲಿ ನಯನ ಕೆಮ್ಮತೊಡಗಿದಳು. ಯಮುನಮ್ಮ ಒಳಗೆ ಹೋದರೆ ಅವರ ಕಣ್ಣೂ ಉರಿಯಿತು. ಗೋಡೆಯಿಂದ ಮೆಣಸಿನಕಾಯಿ ಘಾಟು ಬರುವುದೆಂದರೇನು ಎಂದು ಅವರು ಒಂದು ಗಳಿಗೆ ನಿಂತರಂತೆ. ಆಮೇಲೆ ಮಗುವನ್ನೆತ್ತಿಕೊಂಡು ಸೊಸೆಯ ಕೈ ಹಿಡಿದು ಅಂಗಳಕ್ಕೆ ಎಳೆದು ತಂದರು. ಸಂಜೆ ಹೊತ್ತಿಗೆ ಮಗು ಅತ್ತಿತು.

"ಕೊಪ್ಪದ ಡಾಕ್ಟ್ರು ನಂಗೆ ಬಿಡಿಸಿ ಹೇಳಿದ್ರು. ಕೆಂಡದಿಂದ ಬರೋ ವಿಷಗಾಳಿ ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ. ಇನ್ನರ್ಧ ಗಂಟೆ ಹೋಗಿದ್ರೆ ಎರಡೂ ಜೀವ ಇಲ್ಲ ಅಂದ್ರು. ನಾನು ಸೀತೂರಿಗೆ ಹೋಗಿ, ಸಿಮೆಂಟು ತುಂಬಿದ್ದು ನಾನೇ ಅಂತ ಹೇಳ್ದೆ. ಯಮುನಮ್ಮ ಬೈಲಿಲ್ಲ. ಒಳಗೆ ಕರೀಲೂ ಇಲ್ಲ."

ಅಂದಿನಿಂದ ಪ್ರೇಮಕ್ಕನ ಪದ್ಧತಿ ಬೇರೆ. ಚಿಮಣಿ ಮುಗಿದ ಮೇಲೆ, ಪಕ್ಕದ ಕೋಣೆಗೆ ಬಾಣಂತಿ ಕಾಲಿಡುವ ಮೊದಲು ತಾವು ಹೋಗುತ್ತಾರೆ. ಬಾಗಿಲು ಕಿಟಕಿ ಮುಚ್ಚಿಸಿ, ಮಂಚದ ಮೇಲೆ ಗೋಡೆಯ ಕಡೆ ತಲೆಯಿಟ್ಟು ಮಲಗುತ್ತಾರೆ. ಒಲೆ ಜೋರಾಗಿ ಉರಿಯುವಾಗ ಒಂದು ಹಿಡಿ ಒಣಮೆಣಸಿನಕಾಯಿ, ಉರಿ ಇಳಿದು ಕೆಂಡವಾದಾಗ ಇನ್ನೊಂದು ಹಿಡಿ. ಹೊರಗೊಬ್ಬರು ಐದೈದು ನಿಮಿಷಕ್ಕೆ ಬಾಗಿಲು ತಟ್ಟಿ ಕರೆಯಬೇಕು. ಕರೆದಾಗ ಓಗೊಡದಿದ್ದರೆ ಬಾಗಿಲು ತೆಗೆಯಬೇಕು. ಒಂದು ಗಂಟೆ. ಇದಾಗದೆ ಕೆಲಸ ಒಪ್ಪಿಸುವುದಿಲ್ಲ.

ಬುಧವಾರ ಹನ್ನೊಂದಕ್ಕೆ ಅಳಿಯನ ಫೋನು ಬರುತ್ತದೆ. ಆಸ್ಪತ್ರೆಯವರು ಒಂದು ದಿನ ಮೊದಲೇ ಬಿಟ್ಟಿದ್ದಾರೆ, ಹೊರಟಾಗಿದೆ. ಪ್ರೇಮಕ್ಕ ಕೋಣೆಗೆ ಹೋಗಿ ಮಲಗುತ್ತಾರೆ, ಕಾಮಾಕ್ಷಮ್ಮ ಬಾಗಿಲ ಹೊರಗೆ ಕೂರುತ್ತಾರೆ. ಮೊದಲ ಹಿಡಿ ಮೆಣಸಿನಕಾಯಿ ಒಲೆಗೆ ಬೀಳುತ್ತದೆ.

"ಪ್ರೇಮಾ?"

"ಹ್ಞೂಂ ಅಮ್ಮ."

ಎರಡನೇ ಸಲ ಕರೆಯುವ ಮೊದಲೇ ಒಳಗಿನಿಂದ ಕೆಮ್ಮು ಕೇಳುತ್ತದೆ. ಪ್ರೇಮಕ್ಕ ಕಣ್ಣೊರೆಸಿಕೊಂಡು ಹೊರಗೆ ಬರುತ್ತಾರೆ.

"ಬರ್ತಾ ಇದೆ. ಆಗಲ್ಲ ಅಮ್ಮ."

"ಎಂತ ಮಾರಾಯ್ತಿ, ಚೂರು ಘಾಟು ತಾನೆ? ಮೆಣಸಿನಕಾಯಿ ಹಾಕಿದ್ದಕ್ಕೆ ಬಂತು. ನಾವೇನು ದಿನಾ ಹಾಕ್ತೀವಾ?"

"ಘಾಟು ಬಂದ ದಾರೀಲೇ ಇನ್ನೊಂದೂ ಬರುತ್ತೆ. ಅದು ಕೆಮ್ಮಿಸಲ್ಲ."

"ಆಪರೇಷನ್ ಆದ ಬಾಣಂತಿನ ಗಾಳಿ ಬೀಸೋ ಹೊರಕೋಣೇಲಿ ಮಲಗಿಸ್ಲಾ? ಬಂದ ದಿನವೇ?"

"ಒಂದೇ ರಾತ್ರಿ. ನೀರು ಗ್ಯಾಸಲ್ಲಿ ಕಾಯಿಸಿ. ಈ ಕೋಣೆ ನಾನು ಕೊಡಲ್ಲ."

ಕಾಮಾಕ್ಷಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಾರೆ. ಪ್ರೇಮಕ್ಕ ಗೋಡೆಯ ಮೇಲೆ ಅಂಗೈ ಆಡಿಸುತ್ತ ಬರುತ್ತಾರೆ. ಮಂಚದ ತಲೆಯ ಮೇಲೆ, ಆಳೆತ್ತರದಲ್ಲಿ, ಸಾಲಾಗಿ ನಾಲ್ಕು ಹೊಸ ಕೊಕ್ಕೆ. ನಿನ್ನೆ ಸಂಜೆ ಅವರು ಹೊರಡುವಾಗ ಇರಲಿಲ್ಲ.

"ಭಟ್ರೇ, ಇದು ಯಾರು ಹೊಡೆದಿದ್ದು?"

"ನಾನೇ" ಎನ್ನುತ್ತಾರೆ ಭಟ್ಟರು, ಸ್ವಲ್ಪ ಹೆಮ್ಮೆಯಿಂದಲೇ. "ಬಿಸಿ ಗೋಡೆ ಅಲ್ವಾ, ಮಗು ಬಟ್ಟೆ ಬೇಗ ಒಣಗುತ್ತೆ ಅಂತ. ಡ್ರಿಲ್ಲಿಂಗ್ ಮಿಷಿನ್ನು ಬೆಣ್ಣೆಗೆ ಇಳಿದ ಹಾಗೆ ಇಳೀತು."

"ಇಟ್ಟಿಗೆ ದಾಟಿ ನನ್ನ ಪೈಪಿಗೂ ಇಳಿದಿದೆ."

ಭಟ್ಟರು ಕೊಕ್ಕೆಗಳನ್ನು ನೋಡುತ್ತಾರೆ, ಹೆಂಡತಿ ಇರುವ ಅಡುಗೆಮನೆಯ ಕಡೆ ನೋಡುತ್ತಾರೆ. "ಅವ್ಳಿಗೆ ಹೇಳ್ಬೇಡ" ಎನ್ನುತ್ತಾರೆ.

"ಗೋಡೆ ಒಡೆದ್ರೆ ಕೇಳಿಸಲ್ವಾ ಭಟ್ರೇ? ಪಂಚೆ ಕಟ್ಟಿ, ಮಣ್ಣು ತುಳೀರಿ."

ಮೂರು ಗಂಟೆಗೆ ಕಾರು ಬಂದಾಗ ಬಾಣಂತಿ ಕೋಣೆಯ ಗೋಡೆಯಲ್ಲಿ ಎರಡು ಅಡಿ ಅಗಲದ ಬಾಯಿ ತೆರೆದಿದೆ, ಮನೆಯ ಯಜಮಾನರು ಹಿತ್ತಿಲಲ್ಲಿ ಮೊಣಕಾಲವರೆಗೆ ಮಣ್ಣಿನಲ್ಲಿ ನಿಂತಿದ್ದಾರೆ. ನವ್ಯಾ ಮಗುವನ್ನೆತ್ತಿಕೊಂಡು ಹೊರಕೋಣೆಯ ಮಂಚದ ಮೇಲೆ ಕೂರುತ್ತಾಳೆ. "ಅಪ್ಪಂಗೆ ಎಂತ ಆಯ್ತು?" ಎಂದು ಕೇಳುತ್ತಾಳೆ. "ಪ್ರಾಯಶ್ಚಿತ್ತ" ಎಂದಷ್ಟೇ ಹೇಳಿ ಕಾಮಾಕ್ಷಮ್ಮ ಗ್ಯಾಸಿನ ಮೇಲೆ ನೀರಿಡುತ್ತಾರೆ. ಕೊಕ್ಕೆಯ ವಿಷಯ ಅವರಿಗೆ ಆಗಲೇ ತಿಳಿದಿದೆ.

ಉಳಿದಿದ್ದ ಒಂದು ದೊಡ್ಡ ಪೈಪನ್ನು ಪ್ರೇಮಕ್ಕ ಉದ್ದಕ್ಕೆ ಎರಡು ಹೋಳು ಮಾಡಿ, ತೂತಾದ ಪೈಪಿನ ಸುತ್ತ ಕವಚದಂತೆ ಕೂರಿಸುತ್ತಾರೆ. ಸಂದಿಗೆ ಮಣ್ಣು, ಅದರ ಹೊರಗೆ ಇಟ್ಟಿಗೆ. ಮಣ್ಣು ಒಣಗಲೆಂದು ಒಲೆಯಲ್ಲಿ ಹಿಡಿಯಷ್ಟು ಕೆಂಡ ಇಟ್ಟು, ಕೋಣೆಯ ಕಿಟಕಿ ತೆರೆದು, ಯಾರೂ ಆ ಕಡೆ ಸುಳಿಯಬಾರದೆಂದು ಹೇಳಿ ಆರು ಗಂಟೆಯ ಬಸ್ಸಿಗೆ ಹೋಗುತ್ತಾರೆ. ಗುರುವಾರ ಮೊದಲ ಬಸ್ಸಿಗೆ ಮತ್ತೆ ಬಂದಿದ್ದಾರೆ.

ಈ ಸಲ ಬಾಗಿಲ ಹೊರಗೆ ಕಾವಲು ಕೂತವಳು ನವ್ಯಾ. ಕೂರಬೇಡವೆಂದರೂ ಕೇಳಿಲ್ಲ. ಉರಿಗೆ ಒಂದು ಹಿಡಿ ಬೀಳುತ್ತದೆ. "ಪ್ರೇಮಕ್ಕಾ." "ಹ್ಞೂಂ." ಉರಿ ಇಳಿಯುತ್ತದೆ, ಕೆಂಡಕ್ಕೆ ಇನ್ನೊಂದು ಹಿಡಿ. "ಪ್ರೇಮಕ್ಕಾ." "ಇದ್ದೀನಿ." ಹತ್ತು ಸಲ, ಹನ್ನೊಂದು ಸಲ. ಹನ್ನೆರಡನೇ ಸಲ ಉತ್ತರ ಬರುವುದಿಲ್ಲ. ನವ್ಯಾ ಬಾಗಿಲು ತಳ್ಳುತ್ತಾಳೆ. ಕಾಮಾಕ್ಷಮ್ಮ ಹಿಂದೆಯೇ ಓಡಿಬರುತ್ತಾರೆ. ಪ್ರೇಮಕ್ಕ ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾರೆ. ಭುಜ ಹಿಡಿದು ಅಲುಗಾಡಿಸಿದರೆ ದಡಬಡಿಸಿ ಎದ್ದು ಕೂತು, ಮೂಗು ಅರಳಿಸಿ ಎರಡು ಸಲ ಉಸಿರೆಳೆಯುತ್ತಾರೆ.

"ತಲೆ ನೋಯ್ತಾ ಇದ್ಯಾ?" ಎಂದು ಕೇಳುತ್ತಾರೆ ಕಾಮಾಕ್ಷಮ್ಮ.

"ಇಲ್ಲ ಅಮ್ಮ. ಬೆಚ್ಚಗಿತ್ತು, ನಿದ್ದೆ ಬಂತು. ಮೂರು ದಿನದಿಂದ ಸರಿ ಮಲಗಿಲ್ಲ." ಗೋಡೆಗೆ ಮೂಗು ತಾಗಿಸಿ ನೋಡುತ್ತಾರೆ. "ಎಂಥದೂ ಇಲ್ಲ. ಮಗುನ ಎತ್ಕೊಂಡು ಬನ್ನಿ."

ಅವರು ಎದ್ದ ಮಂಚದ ಮೇಲೆ ಹೊಸ ಹಾಸಿಗೆ ಬೀಳುತ್ತದೆ. ನವ್ಯಾ ಗೋಡೆಯ ಕಡೆ ಮಗುವನ್ನು ಮಲಗಿಸುತ್ತಾಳೆ. ಕಾಮಾಕ್ಷಮ್ಮ ಬಾಗಿಲ ಸಂದಿಗೆ ತುರುಕಲು ಹಳೆಯ ಸೀರೆಯೊಂದನ್ನು ಸುರುಳಿ ಸುತ್ತಿ ತಂದಿದ್ದಾರೆ. ಪ್ರೇಮಕ್ಕ ಅದನ್ನು ಅವರ ಕೈಯಿಂದ ಮೆತ್ತಗೆ ತೆಗೆದುಕೊಂಡು, ಮಡಚಿ ಮಂಚದ ಕಾಲ ಬಳಿ ಇಡುತ್ತಾರೆ.

"ನಂದು ಒಂದು ಮಾತು ನಡೆಸ್ಕೊಡಿ. ಕಿಟಕಿ ಒಂದು ಬೆರಳಷ್ಟು ತೆರೆದಿರ್ಲಿ, ಹಗ್ಲೂ ರಾತ್ರಿನೂ. ಚಿಮಣಿ ಎಷ್ಟೇ ಸರಿ ಇರ್ಲಿ."

"ಮಗುಗೆ ಶೀತ ಆದ್ರೆ ಎಂತ ಮಾಡೋದೆ?"

"ಶೀತಕ್ಕೆ ಕಷಾಯ ಇದೆ ಅಮ್ಮ" ಎಂದು ಹೇಳಿ ಪ್ರೇಮಕ್ಕ ಅಂಗಳದಲ್ಲಿ ತೊಳೆದಿಟ್ಟ, ಮಣ್ಣು ಕಲಸುವ ಬಾಣಲಿಯನ್ನು ಎತ್ತಿಕೊಳ್ಳುತ್ತಾರೆ.