ಎರಡು ದ್ವೀಪಗಳ ಮರ, ಅಪ್ಪನ ಮೂಗು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಹೇಳಲು ಮುಜುಗರ. ರಾಜಾಜಿನಗರದ ಒಂದು ಆಫೀಸಿನಲ್ಲಿ ಕೂತು, ನಾನು ಎಂದೂ ಕಾಣದ ಎರಡು ಪುಟ್ಟ ದ್ವೀಪದೇಶಗಳು ಹೊರಗಿನಿಂದ ತರಿಸಿಕೊಳ್ಳುವ ಗಟ್ಟಿಮರದ ಮೌಲ್ಯವನ್ನು ಹೋಲಿಸಿ ವರದಿ ಬರೆಯುವುದು. ಎರಡಕ್ಕೂ ಒಂದೇ ಬಂದರಿನಿಂದ, ಒಂದೇ ಜಾತಿಯ ಮರ ಹೋಗುತ್ತಿತ್ತು. ಆದರೂ ಒಂದರ ಲೆಕ್ಕದಲ್ಲಿ ಮರ ಯಾವಾಗಲೂ ದುಬಾರಿ. ಯಾಕೆ, ಯಾಕೆ ಎಂದು ಮೇಲ್ ಮೇಲೆ ಮೇಲ್ ಹಾಕಿ ಅಲ್ಲಿನವರ ತಲೆ ತಿಂದೆ. ಕೊನೆಗೆ ತಿಳಿದದ್ದು ಇಷ್ಟೇ: ಒಂದು ದೇಶ ಹಡಗಿನ ಬಾಡಿಗೆಯನ್ನೂ ಮರದ ಬೆಲೆಗೆ ಸೇರಿಸುತ್ತಿತ್ತು, ಇನ್ನೊಂದು ಸೇರಿಸುತ್ತಿರಲಿಲ್ಲ. ಆಫೀಸಿನಲ್ಲಿ ಹೊಗಳಿದರು. ವ್ಯತ್ಯಾಸ ಕಂಡರೆ ಬಿಡುವವಳಲ್ಲ ಎಂಬ ಜಂಬ ನನಗೂ ಬಂತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮಾಗಡಿ ರಸ್ತೆಯ ಸಾಮಿಲ್‌ಗಳಲ್ಲಿ ಆಯುಷ್ಯ ಸವೆಸಿದ ಅಪ್ಪನಿಗೆ ನನ್ನ ದ್ವೀಪದ ಕಥೆಗಳೆಂದರೆ ತಮಾಷೆ. "ಮರ ಮುಟ್ದೇನೆ, ಮೂಸ್ದೇನೆ, ಅದೇನು ಹೋಲಿಸ್ತೀಯೇ?" ಎನ್ನುತ್ತಿದ್ದ. ಅವನ ಕ್ರಮವೇ ಬೇರೆ. ಹಲಗೆಯ ತುದಿಯನ್ನು ಚಾಕುವಿನಿಂದ ಕೆರೆದು, ಎಂಜಲು ಹಚ್ಚಿ, ಮೂಗಿಗೆ ಹಿಡಿಯುವುದು. ಕಾಡುಮರಕ್ಕೆ ಬಣ್ಣ ಬಳಿದು ತೇಗವೆಂದು ಮಾರುವವರು ಅವನನ್ನು ಕಂಡರೆ ಮಾಲು ಒಳಗಿಡುತ್ತಿದ್ದರಂತೆ.

ಕೆಂಗೇರಿಯಲ್ಲಿ ನಾವು ಮನೆ ಕಟ್ಟಿಸುವಾಗ ಮುಂಬಾಗಿಲ ಚೌಕಟ್ಟಿಗೆ ಅವನೇ ಮರ ಆರಿಸಿದ. ಕೆರೆದ, ಎಂಜಲು ಹಚ್ಚಿದ, ಬಹಳ ಹೊತ್ತು ಮೂಸಿದ. "ಇದೇ ಇರ್ಲಿ" ಎಂದ. ಮರುದಿನ ಬಡಗಿ ನನ್ನನ್ನು ಪಕ್ಕಕ್ಕೆ ಕರೆದ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಇದು ತೇಗ ಅಲ್ಲ. ಯಜಮಾನ್ರಿಗೆ ವಾಸನೆ ಗೊತ್ತಾಗಿಲ್ಲ ಅನ್ಸತ್ತೆ."

ಹಿಂದಿನ ವಾರ ಒಲೆಯ ಮೇಲೆ ಹಾಲು ಸೀದು ಹೋದರೂ ಅಪ್ಪ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಒಮ್ಮೆ ಅವನ ಕರ್ಚೀಫಿನಲ್ಲಿ ರಕ್ತ ಕಂಡಾಗ "ಉಷ್ಣ ಕಣೇ" ಎಂದಿದ್ದ. ಎಲ್ಲವೂ ನೆನಪಾಯಿತು. ಆದರೆ ನಾನು ಹೊರಟದ್ದು ಅಪ್ಪನ ಮರ್ಯಾದೆ ಉಳಿಸಲು. "ಅಪ್ಪಂಗೆ ಹೇಳ್ಬೇಡಿ, ಬೇರೆ ಮರ ಹಾಕ್ಬಿಡಿ" ಎಂದೆ. ಬಡಗಿ ಅಸಲಿ ತೇಗ ತಂದು ಚೌಕಟ್ಟು ಮಾಡಿದ. ಬಾಗಿಲ ಪೂಜೆಯ ದಿನ ಅಪ್ಪ ಅದನ್ನು ಮೇಲಿನಿಂದ ಕೆಳಗಿನವರೆಗೆ ಸವರಿ ನನ್ನ ಮುಖ ನೋಡಿದ. ನಾನು ಅರಿಶಿನದ ಬಟ್ಟಲು ಹಿಡಿದು ಆ ಕಡೆ ಹೋದೆ.

ಮುಂದಿನ ಬೇಸಿಗೆಯಲ್ಲಿ ಅವನ ಒಂದು ಕೆನ್ನೆ ಊದಿತು. ಮೂಗಿನೊಳಗೆ ಕ್ಯಾನ್ಸರ್. ವರ್ಷಗಟ್ಟಲೆ ಗಟ್ಟಿಮರದ ಧೂಳಿನಲ್ಲಿ ದುಡಿದವರಿಗೆ ಬರುವುದುಂಟು ಎಂದರು ಡಾಕ್ಟರು.

"ವಾಸನೆ ಯಾವಾಗಿಂದ ಗೊತ್ತಾಗ್ತಿಲ್ಲ?"

"ಈಗೊಂದ್ ತಿಂಗ್ಳಿಂದ ಸಾರ್" ಎಂದ ಅಪ್ಪ.

"ಎಂಟು ತಿಂಗ್ಳ ಮೇಲಾಯ್ತು" ಎಂದೆ ನಾನು.

ಡಾಕ್ಟರು ಪೆನ್ನು ಕೆಳಗಿಟ್ಟರು. ಆಗಲೇ ಬಂದಿದ್ದರೆ ಆಪರೇಷನ್ ಮಾಡಬಹುದಿತ್ತು, ಈಗ ಕಣ್ಣಿನ ಹಿಂದಕ್ಕೆ ಹಬ್ಬಿದೆ ಎಂದರು.

ಮನೆಗೆ ಬರುವಾಗ ಮೆಟ್ರೋದಲ್ಲಿ ಹೊಸಹಳ್ಳಿ ದಾಟಿದ ಮೇಲೆ ಅಪ್ಪನೇ ಬಾಯಿಬಿಟ್ಟ.

"ನಾನು ಆರಿಸಿದ್ ಮರದಲ್ಲಿ ಒಂದು ಗಂಟಿತ್ತು ಕಣೇ. ಬಾಗಿಲಲ್ಲಿ ಇರ್ಲಿಲ್ಲ. ನೀನು ಬದಲಾಯಿಸಿದೀಯ ಅಂತ ಅವತ್ತೇ ಗೊತ್ತಾಯ್ತು."

"ಮತ್ತೆ ವಾಸನೆ ಗೊತ್ತಾಗ್ತಿಲ್ಲ ಅಂತ ಯಾಕಪ್ಪ ಹೇಳ್ಲಿಲ್ಲ?"

"ಭಯ ಆಗ್ತಿತ್ತು. ನೀನೇ ಕೇಳ್ತೀಯ ಅನ್ಕೊಂಡೆ. ಆ ದ್ವೀಪದವ್ರನ್ನ ಅಷ್ಟು ಕೇಳ್ದೋಳು."