ಬ್ರಷ್ ಅಕ್ಕನ ಮೇಜಿನ ಮೇಲೆ ನಿಂತುಬಿಟ್ಟ ಯಂತ್ರ

ಬೆಳಕು ಇನ್ನೂ ಪೂರಾ ಬೀದಿಗೆ ಇಳಿದಿಲ್ಲ. ಬೇಕರಿಗೂ ಚಪ್ಪಲಿ ಹೊಲಿಯುವ ಅಂಗಡಿಗೂ ನಡುವೆ ಸಿಕ್ಕಿಕೊಂಡ ಸಣ್ಣ ಕೋಣೆಯೊಂದರ ಷಟರ್ ಅರ್ಧ ಮೇಲೆದ್ದಿದೆ. ಒಳಗೆ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿಕೊಂಡು, ಬಿಚ್ಚಿಟ್ಟ ಕಂಪ್ಯೂಟರಿನ ಹೊಟ್ಟೆಯೊಳಗಿನ ಧೂಳನ್ನು ಬಣ್ಣ ಬಳಿಯುವ ಬ್ರಷ್ಷಿನಿಂದ ಮೆಲ್ಲಗೆ ಗುಡಿಸುತ್ತಿದ್ದಾರೆ. ಯಾವ ಯಂತ್ರ ಬಂದರೂ ಮೊದಲ ಕೆಲಸ ಇದೇ. ಅದಕ್ಕೇ ಬೀದಿಯ ಜನ ಅವರನ್ನು ಬ್ರಷ್ ಅಕ್ಕ ಅನ್ನುತ್ತಾರೆ.

ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿರುವವರು ಅವರ ಅತ್ತೆ. ಹೋಗಿ ಬರುವವರಿಗೆಲ್ಲ ಒಂದೊಂದು ಮಾತು ಅವರ ಹತ್ತಿರ ಇದ್ದೇ ಇರುತ್ತದೆ.

"ನೋಡಿ ನಮ್ಮ ಸೊಸೆನ. ಮನೆ ಕಸ ಮನೇಲೇ ಬಿದ್ದಿದೆ, ಊರವರ ಡಬ್ಬಿ ಕಸ ಗುಡಿಸ್ತಾ ಕೂತಿದಾಳೆ."

"ಮನೆ ಕಸ ನಿಮ್ಮ ಮಗನ ಪಾಲು, ಅತ್ತೆ. ಅವರ ಬಸ್ಸು ಹೊರಡೋಕೆ ಇನ್ನೂ ಹೊತ್ತಿದೆ," ಅನ್ನುತ್ತಾರೆ ಅಕ್ಕ, ತಲೆ ಎತ್ತದೆ.

ಅಷ್ಟರಲ್ಲಿ ಒಂದು ಸ್ಕೂಟರು ಬಂದು ನಿಲ್ಲುತ್ತದೆ. ಕಾಲಿನ ಹತ್ತಿರ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಗಂಟು. ಇಳಿದವರು ಹಿಂದಿನ ಬೀದಿಯ ಅಚ್ಚುಕೂಟದವರು. ಅರವತ್ತು ದಾಟಿದ ಮನುಷ್ಯ. ಬೆರಳ ಸಂದಿಯಲ್ಲಿ ಎಂದೂ ಹೋಗದ ಮಸಿ. ಗಂಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟು, ದುಪ್ಪಟಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ.

"ಫೈಲಿನ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿದ್ರೆ ನಿಂತುಬಿಡುತ್ತೆ ಅಕ್ಕ. ಮಿಕ್ಕಿದ್ದೆಲ್ಲ ಚೆನ್ನಾಗೇ ಮಾಡುತ್ತೆ. ಬಲಗುಂಡಿ ಒಂದು ಒತ್ತಬಾರದು. ಒತ್ತಿದ್ರೆ ಕಲ್ಲಾಗಿಬಿಡುತ್ತೆ."

ದೊಡ್ಡ ರಸ್ತೆಯ ಅಂಗಡಿಯಲ್ಲಿ ಎಲ್ಲ ಅಳಿಸಿ ಹೊಸದಾಗಿ ತುಂಬಿಸಿ ಅಂದರಂತೆ. ಅವರ ಮಾತಲ್ಲೂ ತಪ್ಪಿಲ್ಲ, ಸಾಮಾನ್ಯವಾಗಿ ಅದೇ ಮದ್ದು. ಆದರೆ ಈ ಯಂತ್ರದಲ್ಲಿ ಅಚ್ಚುಕೂಟದವರ ಅಣ್ಣ ಬರೆದ ಅಕ್ಷರಗಳಿವೆ. ಅಚ್ಚುಮೊಳೆ ಜೋಡಿಸುವ ಕಾಲ ಮುಗಿದು ಕಂಪ್ಯೂಟರ್ ಬಂದಾಗ, ಅದರಲ್ಲಿ ಸಿಗುವ ಅಕ್ಷರಗಳು ಅಣ್ಣನಿಗೆ ಹಿಡಿಸಲಿಲ್ಲ. ತಮ್ಮ ಹಳೆಯ ಮೊಳೆಗಳ ರೂಪವನ್ನೇ ಒಂದೊಂದಾಗಿ, ವರ್ಷಗಟ್ಟಲೆ ಕೂತು ಯಂತ್ರದೊಳಗೆ ಬರೆದಿಟ್ಟರು. ಅವನ್ನು ತೆರೆಯುವ ಪ್ರೋಗ್ರಾಂ ಇರುವುದು ಇದೊಂದರಲ್ಲೇ. ಮತ್ತೆ ಹಾಕೋಣವೆಂದರೆ ಅದರ ಡಿಸ್ಕು ಎಲ್ಲೂ ಉಳಿದಿಲ್ಲ. ಅಣ್ಣ ತೀರಿಹೋಗಿ ಎರಡು ವರ್ಷವಾಯಿತು.

"ಅಳಿಸಿದ್ರೆ ಅಕ್ಷರ ಹೋಯ್ತು. ಅಳಿಸದೆ ಆಗುತ್ತಾ, ನೋಡಿ. ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿಬಿಡಿ, ನಾಳೆ ದೊಡ್ಡ ರಸ್ತೆಯವರ ಹತ್ರಾನೇ ಕೊಡ್ತೀನಿ," ಅನ್ನುತ್ತಾರೆ ಅಚ್ಚುಕೂಟದವರು.

ಅಕ್ಕ ಮುಚ್ಚಳ ಬಿಚ್ಚಿ ಬ್ರಷ್ ಆಡಿಸಿ, ವೈರುಗಳನ್ನು ಸಿಕ್ಕಿಸಿ ಗುಂಡಿ ಒತ್ತುತ್ತಾರೆ. ಯಂತ್ರ ಗೊರಗೊರ ಅಂದು, ಒಂದು ದೀಪ ಮಿಟುಕಿಸಿ, ಏಳಲೋ ಬೇಡವೋ ಎಂದು ಯೋಚಿಸುತ್ತದೆ. ಅದು ಏಳುವಷ್ಟರಲ್ಲಿ ಈ ಕೋಣೆಯ ಕಥೆಯನ್ನು ಹೇಳಿ ಮುಗಿಸಬಹುದು.

ಇದು ಮೊದಲು ಟೈಪ್‌ರೈಟರ್ ರಿಪೇರಿಯ ಕೋಣೆ. ಅಕ್ಕನ ಮಾವ ಇಲ್ಲಿ ಕೂತಿರುತ್ತಿದ್ದರು. ಕಚೇರಿಗಳು ತೆರೆಯುವ ಮುಂಚೆ ಯಂತ್ರಗಳನ್ನು ಹೊತ್ತು ತರುವವರ ಸಾಲು ಬೇಕರಿಯ ಬಾಗಿಲವರೆಗೂ ಇರುತ್ತಿತ್ತು. ರಿಪೇರಿ ಮುಗಿದ ಮೇಲೆ ಮಾವ ಒಂದು ಸಾಲು ಟೈಪ್ ಮಾಡಿ ನೋಡುವರು, ಸಾಲಿನ ಕೊನೆಗೆ ಟಿಣ್ ಅಂತ ಗಂಟೆ. ಆ ಟಿಣ್ ಬೀದಿಯ ಆ ತುದಿಗೂ ಕೇಳಿಸುತ್ತಿತ್ತು. ಒಬ್ಬರ ಕೆಲಸ ಮುಗಿಯಿತು ಎಂದು ಎಲ್ಲರಿಗೂ ತಿಳಿಯುತ್ತಿತ್ತು. ರಿಬ್ಬನ್ನಿನ ಮಸಿ, ಯಂತ್ರದ ಎಣ್ಣೆ, ಪಕ್ಕದಿಂದ ಬ್ರೆಡ್ಡಿನ ಬಿಸಿ ವಾಸನೆ ಮೂರೂ ಕೂಡಿದ ಗಾಳಿ ಇಲ್ಲಿಯದು. ಈಗ ಅದರಲ್ಲಿ ಬ್ರೆಡ್ಡು ಮಾತ್ರ ಉಳಿದಿದೆ.

ಮಗನಿಗೆ ಕೆಲಸ ಕಲಿಸಲು ನೋಡಿದರು ಮಾವ. ಮಗನ ಮನಸ್ಸೆಲ್ಲ ಬಸ್ಸು ಓಡಿಸುವುದರ ಮೇಲೆ. ಸೊಸೆ ಮನೆಗೆ ಬಂದ ಹೊಸತು, ಊಟದ ಡಬ್ಬಿ ತಂದವಳು ನಿಂತು ನೋಡುತ್ತಿದ್ದಳು.

"ಏನು ನೋಡ್ತೀಯಮ್ಮ ಅಂದ್ರು. ಆ ಸ್ಪ್ರಿಂಗ್ ಯಾಕೆ ಓರೆ ಇದೆ ಅಂದೆ. ಅಷ್ಟೇ, ಸ್ಕ್ರೂ ಡ್ರೈವರ್ ಕೈಗಿಟ್ರು," ಎಂದು ನಗುತ್ತಾರೆ ಅಕ್ಕ.

"ಅವತ್ತಿಂದ ನನಗೆ ಅಡುಗೆಮನೆ ಖಾಯಂ ಆಯ್ತು," ಅಂತ ಬಾಗಿಲಿಂದ ಅತ್ತೆ.

ಆಮೇಲೆ ಟೈಪ್‌ರೈಟರ್‌ಗಳು ಕಚೇರಿಗಳ ಅಟ್ಟ ಸೇರಿದವು. ಸಾಲು ಕರಗಿತು. ಮಾವ ಬಾಗಿಲಿಗೆ ಮುಖ ಮಾಡಿ ಸುಮ್ಮನೆ ಕೂತಿರುತ್ತಿದ್ದ ಆ ವರ್ಷಗಳ ಬಗ್ಗೆ ಅಕ್ಕ ಹೆಚ್ಚು ಹೇಳುವುದಿಲ್ಲ. ಒಂದು ದಿನ ಕಚೇರಿಯೊಂದು ಬಿಸಾಕಿದ್ದ ಕಂಪ್ಯೂಟರನ್ನು ಮಾವನೇ ತಳ್ಳುಗಾಡಿಯಲ್ಲಿ ತಂದು, 'ಇದೂ ಒಂದು ಟೈಪ್‌ರೈಟರೇ, ನೋಡು' ಅಂದರಂತೆ. ಬಿಚ್ಚಿದರು, ಜೋಡಿಸಿದರು, ಕೆಡಿಸಿದರು, ಮತ್ತೆ ಜೋಡಿಸಿದರು. ಅದು ಎದ್ದು ನಿಂತ ದಿನ ಮಾವ ಕಿವಿಗೊಟ್ಟು ಕೇಳಿ, 'ಗಂಟೆ ಎಲ್ಲಿದೆ ಇದಕ್ಕೆ?' ಎಂದು ಕೇಳಿದರಂತೆ.

ಈಗ ಅಕ್ಕನ ಹತ್ತಿರ ಬರುವುದು ಬೇರೆಯವರು ಬೇಡವೆನ್ನುವ ಯಂತ್ರಗಳು. ದಿನಕ್ಕೆ ಮೂರೋ ನಾಲ್ಕೋ. ದರ್ಜಿಯದು, ಔಷಧಿ ಅಂಗಡಿಯದು, ಮೊಮ್ಮಕ್ಕಳ ಮುಖ ನೋಡಲು ಇಟ್ಟುಕೊಂಡ ಅಜ್ಜಂದಿರದು. ಕೆಲವು ದಿನ ಒಂದೂ ಬರುವುದಿಲ್ಲ. ಅಕ್ಕನಿಗೆ ಹತ್ತಿರದ ದೃಷ್ಟಿ ಮಂಜಾಗಿದೆ. ಸಣ್ಣ ಸ್ಕ್ರೂಗಳನ್ನು ಬೆರಳ ತುದಿಯಲ್ಲೇ ಗುರುತು ಹಿಡಿಯುತ್ತಾರೆ.

ಯಂತ್ರ ಎದ್ದಿದೆ. ಅಕ್ಕ ತಮ್ಮ ಕುರ್ಚಿ ಬಿಟ್ಟುಕೊಡುತ್ತಾರೆ.

"ನೀವೇ ಕೂತ್ಕೊಳ್ಳಿ. ಅಚ್ಚುಕೂಟದಲ್ಲಿ ಹೆಂಗೆ ಮಾಡ್ತೀರೋ ಹಂಗೇ ಮಾಡಿ."

ಇದು ಮಾವನಿಂದ ಬಂದ ಪದ್ಧತಿ. ಟೈಪ್‌ರೈಟರ್ ತಂದವರನ್ನು ಅವರು ಮೊದಲು ಕೂರಿಸಿ ಟೈಪ್ ಮಾಡಿಸುತ್ತಿದ್ದರು. ಯಂತ್ರವನ್ನಲ್ಲ, ಕೈಯನ್ನು ನೋಡುತ್ತಿದ್ದರು. ಅಚ್ಚುಕೂಟದವರು ಕೂತು, ಒಂದು ಫೈಲಿನ ಮೇಲೆ ಬಾಣ ಇಟ್ಟು ಬಲಗುಂಡಿ ಒತ್ತುತ್ತಾರೆ. ಪರದೆ ನಿಂತುಹೋಗುತ್ತದೆ. ಬಾಣದ ಪಕ್ಕದಲ್ಲಿ ಸಣ್ಣ ಚಕ್ರವೊಂದು ತಿರುಗುತ್ತದೆ. ಅವರು ಮತ್ತೆ ಒತ್ತುತ್ತಾರೆ. ಮತ್ತೆ, ಮತ್ತೆ, ಬಾಗಿಲು ಬಡಿದ ಹಾಗೆ.

ಅಕ್ಕ ಅವರ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಾರೆ. "ಒಂದು ಸಲ ಕರೆದು ಸುಮ್ಮನಿರಿ. ನೀವು ಒತ್ತಿದ್ದನ್ನೆಲ್ಲ ಅದು ನೆನಪಿಟ್ಕೊಳ್ಳುತ್ತೆ. ಎಚ್ಚರ ಆದಮೇಲೆ ಒಂದೊಂದಾಗಿ ಎಲ್ಲಾ ಮಾಡಿಬಿಡುತ್ತೆ."

"ಅದಕ್ಕೇನಾ. ಹೋದ ವಾರ ಹಿಂಗೇ ಒತ್ತಿ ಒತ್ತಿ ಅಣ್ಣನ ಒಂದು ಫೈಲು ಕಸದ ಬುಟ್ಟಿಗೆ ಹೋಗಿತ್ತು. ತೆಗೆದು ವಾಪಸ್ ಇಡೋವರೆಗೂ ನನ್ನ ಜೀವದಲ್ಲಿ ಜೀವ ಇರ್ಲಿಲ್ಲ," ಅನ್ನುತ್ತಾರೆ ಅವರು ಕೈ ಹಿಂದೆಗೆದು.

ಇಬ್ಬರೂ ಕಾಯುತ್ತಾರೆ. ಬೇಕರಿಯವರು ಒಲೆಯಿಂದ ಒಂದು ತಟ್ಟೆ ಬನ್ನು ಹೊರಗೆಳೆದು ಇನ್ನೊಂದನ್ನು ಒಳಗೆ ತಳ್ಳುವಷ್ಟು ಹೊತ್ತು. ಆಮೇಲೆ ಪರದೆಯ ಮೇಲೆ ಪಟ್ಟಿ ಇಳಿಯುತ್ತದೆ: ತೆರೆ, ನಕಲಿಸು, ಕಳಿಸು, ಅಳಿಸು.

"ಸತ್ತಿಲ್ಲ ಇದು," ಅನ್ನುತ್ತಾರೆ ಅಕ್ಕ. "ಯಾರನ್ನೋ ಕಾಯ್ತಾ ಇದೆ. ಬಲಗುಂಡಿ ಒತ್ತಿದಾಗ ಇದು ಮನೇಲಿರೋರನ್ನೆಲ್ಲ ಕೇಳಿಕೊಂಡು ಬರುತ್ತೆ, ಈ ಫೈಲಿಗೆ ನೀನೇನು ಮಾಡ್ತೀಯ ಅಂತ. ಒಬ್ಬರು ಉತ್ತರ ಕೊಡಲಿಲ್ಲ ಅಂದ್ರೆ ಬಾಗಿಲಲ್ಲೇ ನಿಂತಿರುತ್ತೆ."

ಯಾರು ಉತ್ತರ ಕೊಡುತ್ತಿಲ್ಲ ಎನ್ನುವುದೇ ಈಗ ಹುಡುಕಬೇಕಾದ್ದು. ಮೊದಲ ಅನುಮಾನ, ಆ ಪಟ್ಟಿಗೆ ತಮ್ಮ ಸಾಲು ಸೇರಿಸಿಕೊಂಡ ಹಳೆಯ ಪ್ರೋಗ್ರಾಂಗಳ ಮೇಲೆ. ಅರ್ಧವನ್ನು ಸುಮ್ಮನಾಗಿಸಿ ಗುಂಡಿ ಒತ್ತಿ ನೋಡುತ್ತಾರೆ. ನಿಲ್ಲುತ್ತದೆ. ಉಳಿದ ಅರ್ಧವನ್ನೂ ಸುಮ್ಮನಾಗಿಸುತ್ತಾರೆ. ಆಗಲೂ ನಿಲ್ಲುತ್ತದೆ. ಬಿಸಿಲು ಷಟರ್ ದಾಟಿ ಮೇಜಿನ ಕಾಲಿಗೆ ಬಂದಿದೆ. ಅಚ್ಚುಕೂಟದವರು ಕಂಕುಳ ದುಪ್ಪಟಿಯನ್ನು ಬಿಚ್ಚಿ ಮತ್ತೆ ಮಡಿಸುತ್ತಾರೆ.

"ನನ್ನ ಲೆಕ್ಕ ತಪ್ಪಿತು," ಅನ್ನುತ್ತಾರೆ ಅಕ್ಕ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ ಕೇಳುತ್ತಾರೆ: "ಇದು ಒಂಟಿಯಾಗಿತ್ತಾ, ಜೊತೆಗೆ ಇನ್ನೊಂದಿತ್ತಾ?"

"ಇತ್ತು. ಒಳಕೋಣೇಲಿ ಅಣ್ಣನದು. ಗೋಡೆ ಕೊರೆದು ವೈರು ಎಳೆಸಿದ್ದ. ನಾನು ಇದರಲ್ಲಿ ಅಕ್ಷರ ಜೋಡಿಸಿ ಅವನಿಗೆ ಕಳಿಸ್ತಿದ್ದೆ. ಅವನು ತಪ್ಪು ತಿದ್ದಿ ವಾಪಸ್ ಕಳಿಸ್ತಿದ್ದ. ತಪ್ಪು ಜಾಸ್ತಿ ಇದ್ರೆ ಅಲ್ಲಿಂದಾನೇ ಕೆಮ್ಮುತ್ತಿದ್ದ. ಅವನು ಹೋದಮೇಲೆ ಆ ಮಿಷನ್ನು ಗುಜರಿಗೆ ಕೊಟ್ವಿ."

ಅಕ್ಕ ಪಟ್ಟಿಯ 'ಕಳಿಸು' ಎಂಬ ಸಾಲಿನ ಹಿಂದಿನ ಫೋಲ್ಡರನ್ನು ತೆರೆಯುತ್ತಾರೆ. ಯಾರ ಯಾರಿಗೆ ಕಳಿಸಬಹುದು ಎಂಬುದು ಅಲ್ಲಿರುತ್ತದೆ. ಮೂರನೆಯ ಹೆಸರು, ಅಚ್ಚುಕೂಟದವರೇ ಎಂದೋ ಟೈಪ್ ಮಾಡಿದ್ದು: ಅಣ್ಣನ ಕೋಣೆ.

ಬಾಗಿಲಲ್ಲಿ ಅತ್ತೆಯ ಬಟಾಣಿ ಬಟ್ಟಲಿಗೆ ಬೀಳುವುದು ನಿಂತಿದೆ.

"ಈ ಹೆಸರನ್ನ ಉಳಿಸೋದಕ್ಕೂ ದಾರಿ ಇದೆ," ಅನ್ನುತ್ತಾರೆ ಅಕ್ಕ, ದನಿ ತಗ್ಗಿಸಿ. "ಇದೇ ಮಿಷನ್ ಒಳಗೆ ಒಂದು ಜಾಗ ಮಾಡಿ ಅಲ್ಲಿಗೆ ತಿರುಗಿಸಿಬಿಡ್ತೀನಿ. ಹೆಸರು ಹಂಗೇ ಇರುತ್ತೆ, ಇಲ್ಲದ ಆ ಮಿಷನ್ನಿಗೆ ಕಾಯೋದು ತಪ್ಪುತ್ತೆ."

ಅಚ್ಚುಕೂಟದವರು ಬೆರಳ ಮಸಿಯನ್ನು ಹೆಬ್ಬೆರಳಿಂದ ಉಜ್ಜುತ್ತಾರೆ.

"ಬೇಡ ಅಕ್ಕ. ಅವನ ಹೆಸರಲ್ಲಿ ಕಳಿಸಿದ್ದು ತಿದ್ದಿಸ್ಕೊಂಡು ವಾಪಸ್ ಬರ್ಬೇಕು. ಬರ್ದಲೇ ಇರೋ ಕಡೆ ಕಳಿಸಿ ಏನ್ಮಾಡ್ಲಿ? ಅದೂ ಅಲ್ದೆ, ಕೆಲಸ ನಿಂತ್ರೆ ಅವನಿಗೆ ಆಗ್ತಾನೇ ಇರ್ಲಿಲ್ಲ. ತೆಗೀರಿ."

"ನೀವೇ ತೆಗೀರಿ. ಬಲಗುಂಡಿ ಬೇಡ, ಹೆಸರನ್ನ ಹಿಡಿದು ಕೀಲಿಮಣೇಲಿ ಡಿಲೀಟ್ ಒತ್ತಿ."

ಅವರು ಒತ್ತುತ್ತಾರೆ. ನಿಜವಾಗಿ ತೆಗೆಯಬೇಕೇ ಎಂದು ಯಂತ್ರ ಕೇಳುತ್ತದೆ. ಈ ಸಲ ಕಾಯುವ ಸರದಿ ಯಂತ್ರದ್ದು. ಅವರು ಕನ್ನಡಕ ತೆಗೆದು ದುಪ್ಪಟಿಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು, ಹೌದು ಅನ್ನುವುದನ್ನು ಒತ್ತುತ್ತಾರೆ. ಅಕ್ಕ ಸುಮ್ಮನಾಗಿಸಿದ್ದ ಪ್ರೋಗ್ರಾಂಗಳನ್ನು ಮತ್ತೆ ಎಬ್ಬಿಸುತ್ತಾರೆ. ಅಣ್ಣನ ಅಕ್ಷರಗಳ ಒಂದು ಫೈಲಿನ ಮೇಲೆ ಅಚ್ಚುಕೂಟದವರು ಬಲಗುಂಡಿ ಒತ್ತಿದ ತಕ್ಷಣ ಪಟ್ಟಿ ಸರ್ರನೆ ಇಳಿಯುತ್ತದೆ. ಇನ್ನೊಂದರ ಮೇಲೆ, ಮತ್ತೊಂದರ ಮೇಲೆ. ಎಲ್ಲೂ ತಡೆಯಿಲ್ಲ.

"ಇಷ್ಟೇನಾ?" ಅನ್ನುತ್ತಾರೆ ಅವರು. ಸಂತೋಷವೋ ಬೇಸರವೋ ಹೇಳುವುದು ಕಷ್ಟ.

ಅಕ್ಕ ಇಡೀ ಡಿಸ್ಕಿನ ಇನ್ನೊಂದು ಪ್ರತಿ ತೆಗೆದುಕೊಡುತ್ತಾರೆ, ಪ್ರೋಗ್ರಾಂ ಸಮೇತ. ಇದು ಕೆಟ್ಟರೂ ಅಕ್ಷರ ಕೆಡುವುದಿಲ್ಲ. ಅಷ್ಟರಲ್ಲಿ ಅತ್ತೆ ಬನ್ನು ತರಿಸಿದ್ದಾರೆ. ಅಚ್ಚುಕೂಟದವರು ಅರ್ಧ ತಿಂದು, ಗಂಟು ಕಟ್ಟಿ, ಸ್ಕೂಟರ್ ಏರಿ ಹೋಗುತ್ತಾರೆ. ಹೋಗುವಾಗ ಬೀದಿಯ ಹಳ್ಳಗಳನ್ನು ಒಂದೊಂದಾಗಿ ಸುತ್ತಿಕೊಂಡು ಹೋಗುತ್ತಾರೆ.

ಇಷ್ಟು ವರ್ಷದಲ್ಲಿ ಏನಾದರೂ ಬೇಕು ಅನ್ನಿಸಿದ್ದುಂಟೇ ಎಂದು ಕೇಳಿದರೆ ಅಕ್ಕ ಮೊದಲು, "ಏನಿಲ್ಲಪ್ಪ," ಅನ್ನುತ್ತಾರೆ.

"ಕೊಡಿ ಅಂತ ಒಂದು ಮಾತು ಬಾಯಿಬಿಟ್ಟು ಯಾರನ್ನೂ ಕೇಳಿದವಳಲ್ಲ ಇವಳು," ಅಂತ ಅತ್ತೆ.

ಅಕ್ಕ ಖಾಲಿಯಾದ ಮೇಜನ್ನು ಅಂಗೈಯಿಂದ ಒರೆಸುತ್ತಾರೆ.

"ಯಾರ ಫೈಲಲ್ಲಿ ಏನಿದೆ ಅಂತ ನಾನು ಇವತ್ತಿನವರೆಗೂ ತೆರೆದು ನೋಡಿಲ್ಲ. ನೋಡಬಾರದು. ಆದ್ರೆ ಅಚ್ಚುಕೂಟದೋರು ಅವರಣ್ಣನ ಅಕ್ಷರದಲ್ಲಿ ಏನಾದ್ರೂ ಅಚ್ಚು ಹಾಕಿದಾಗ ಒಂದು ಹಾಳೆ ಕೇಳಿ ತಗೋಬೇಕು. ಕೆಟ್ಟುಹೋದ ಹಾಳೆ ಆದ್ರೂ ಪರವಾಗಿಲ್ಲ. ಓದೋಕೆ."