ಬೇಲಿಯಾಚೆಗೆ ಬಂದ ಫೋನ್

ಹ್ಯಾರೋ ಎಂಬ ಇಂಗ್ಲಿಷ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಹೆಂಗಸು ನೈಜೀರಿಯಾದವರು. ಸೈನ್ಯದ ಆಳ್ವಿಕೆಯಲ್ಲಿ ಬೆಳೆದವರು. ಬೇಲಿಯ ಮೇಲಿಂದ ದೋಸೆ ಕೊಡುತ್ತಾ ಒಮ್ಮೆ ಕೇಳಿದೆ: ಚುನಾವಣೆ ಬಂದ ಮೇಲೆ ನಿಮ್ಮ ಜನರ ಬದುಕು ಸುಧಾರಿಸಿತೇ?

ಅಷ್ಟರಲ್ಲಿ ಊರಿನಿಂದ ಅವರ ತಾಯಿಯ ಫೋನ್ ಬಂತು. ಅಲ್ಲಿ ಕರೆಂಟ್ ಹೋಗಿತ್ತು. ಆ ತಾಯಿ ಅಲ್ಲಿಯ ಅಂಗಳದಲ್ಲಿ ನಿಂತು ಮಂತ್ರಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದದ್ದು ಫೋನಿನಿಂದ ನನಗೂ ಕೇಳಿಸಿತು.

"ಕರೆಂಟ್ ಸೈನ್ಯದ ಕಾಲದಲ್ಲೂ ಹೋಗ್ತಿತ್ತು," ಎಂದರು ಮಗಳು. "ಆದ್ರೆ ಆಗ ಅಮ್ಮ ಕಿಟಕಿ ಮುಚ್ಚಿ, ನಲ್ಲಿ ಜೋರಾಗಿ ಬಿಟ್ಟು, ಆಮೇಲೆ ಬೈತಿದ್ರು."

ನನಗೆ ರೇಗಿತು. "ಬೈದ್ರೆ ದೀಪ ಹತ್ತುತ್ತಾ?"

"ನಿನ್ನೆ ನೀವು ಕಸದ ವಿಷಯಕ್ಕೆ ಕೌನ್ಸಿಲ್‌ನವರ ಮೇಲೆ ಫೋನಲ್ಲಿ ಕೂಗಾಡಿದ್ದು ಪೂರ್ತಿ ಕೇಳಿಸ್ತು," ಎಂದು ದೋಸೆ ಮುರಿಯುತ್ತಾ ನಕ್ಕರು. "ನಿಮ್ಮ ಕಿಟಕಿ ತೆರೆದೇ ಇತ್ತು."